ಪಾಲಿಕೆಯ ನಡವಳಿ ಮತ್ತು ಪೇಟೆಯ ನೆನಪು: ಬೆಂಗಳೂರಿನ ಸ್ಥಳೀಯ ನೀತಿ ನಿರೂಪಣೆಯಲ್ಲಿ ಮೌಖಿಕ ಸಾಕ್ಷ್ಯದ ಸ್ಥಾನ

ಪ್ರವೇಶ

ಕನ್ನಡ ಜಾನಪದ ಅಧ್ಯಯನವು ಬಹುಕಾಲ ಹಳ್ಳಿಯನ್ನೇ ತನ್ನ ಸಹಜ ನೆಲೆಯೆಂದು ಭಾವಿಸಿತು. ಸಂಗ್ರಹ ಕಾರ್ಯದ ಬಹುಪಾಲು ಗ್ರಾಮೀಣ ಹಾಡುಗಾರರಿಂದ ಮತ್ತು ಕಥೆಗಾರರಿಂದ ಒದಗಿದುದಾಗಿದೆ. ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1970ರ ದಶಕದಲ್ಲಿ ‘ಜನಪದರು ಯಾರು’ ಎಂಬ ಪ್ರಶ್ನೆಯನ್ನು ಎತ್ತಿ, ಸಮಾನವಾದ ಒಂದು ಅಂಶವನ್ನಾದರೂ ಹಂಚಿಕೊಂಡ ಯಾವುದೇ ಗುಂಪು ಜನಪದವೇ ಎಂದು ಪ್ರತಿಪಾದಿಸಿದ ಮೇಲೆ ನಗರವೂ ಜಾನಪದದ ಕ್ಷೇತ್ರವೆಂಬ ಅರಿವು ವಿಸ್ತಾರಗೊಂಡಿತು. ಆದರೂ ನಗರ ಜಾನಪದವೆಂದರೆ ಹಬ್ಬ, ಜಾತ್ರೆ, ಕರಗ, ಬೀದಿ ಕಲೆಗಳ ವಿವರಣೆ ಎಂಬಲ್ಲಿಗೇ ಚರ್ಚೆ ನಿಲ್ಲುವುದುಂಟು. ನಗರವನ್ನು ಆಳುವ ಸಭೆಗಳಿಗೂ ನಗರದ ಜನರ ಮೌಖಿಕ ಅರಿವಿಗೂ ಇರುವ ಸಂಬಂಧ ಜಾನಪದ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ.

ಈ ಸಂಬಂಧ ಕೇವಲ ಸೈದ್ಧಾಂತಿಕ ಕುತೂಹಲದ ವಿಷಯವಲ್ಲ. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಗಾಗಿ 2014ರಲ್ಲಿ ಸಂಸತ್ತು ರೂಪಿಸಿದ ಅಧಿನಿಯಮವು, ಐವತ್ತು ವರ್ಷಗಳಿಗೂ ಮಿಗಿಲಾಗಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸತಕ್ಕದ್ದೆಂದೂ ಅಲ್ಲಿಯ ವ್ಯಾಪಾರಿಗಳನ್ನು ಸ್ಥಳಾಂತರಿಸತಕ್ಕದ್ದಲ್ಲವೆಂದೂ ತನ್ನ ಅನುಸೂಚಿಯಲ್ಲಿ ಹೇಳುತ್ತದೆ. ಐವತ್ತು ವರ್ಷದ ಹಿಂದೆ ಬುಟ್ಟಿಯಿಟ್ಟು ಕುಳಿತವರಿಗೆ ಆ ದಿನದ ಕಾಗದವೆಲ್ಲಿಂದ ಬರಬೇಕು? ಅವರಲ್ಲಿರುವುದು ನೆನಪು ಮಾತ್ರ. ಆ ನೆನಪು ಸಭೆಯಲ್ಲಿ ಹೇಗೆ ಹೇಳಲ್ಪಡುತ್ತದೆ, ಯಾರು ಅದನ್ನು ಕೇಳುತ್ತಾರೆ, ನಡವಳಿಯಲ್ಲಿ ಅದು ಯಾವ ರೂಪದಲ್ಲಿ ದಾಖಲಾಗುತ್ತದೆ ಎಂಬುದರ ಮೇಲೆ ಒಂದು ಕುಟುಂಬದ ಅನ್ನ ನಿಂತಿರುತ್ತದೆ. ಬೆಂಗಳೂರನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸಭೆ ಎಂಬ ಪರಂಪರೆ

ಕೂಡಿ ಕುಳಿತು ತೀರ್ಮಾನಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಶಾಸನಗಳಲ್ಲಿ ಅಗ್ರಹಾರದ ಮಹಾಜನರು, ವರ್ತಕರ ನಖರ, ಐಹೊಳೆಯ ಐನೂರ್ವರು, ಪಟ್ಟಣಸ್ವಾಮಿ ಮೊದಲಾದ ಉಲ್ಲೇಖಗಳು ಹೇರಳವಾಗಿ ದೊರೆಯುತ್ತವೆ. ಸಂತೆಯ ಸುಂಕ, ದೇವಾಲಯದ ದತ್ತಿ, ಕೆರೆಯ ದುರಸ್ತಿ ಇಂತಹ ವಿಷಯಗಳಲ್ಲಿ ಈ ಸಮೂಹಗಳು ಪಾಲ್ಗೊಂಡುದು ಶಾಸನಗಳಿಂದ ತಿಳಿದುಬರುತ್ತದೆ. ಹಳ್ಳಿಯ ಮಟ್ಟದಲ್ಲಿ ಅರಳಿಕಟ್ಟೆಯ ನ್ಯಾಯ, ಸಮುದಾಯಗಳ ಮಟ್ಟದಲ್ಲಿ ಕಟ್ಟೆಮನೆಗಳ ವ್ಯವಸ್ಥೆ ಇತ್ತೀಚಿನವರೆಗೂ ಜೀವಂತವಾಗಿದ್ದವು. ಕೆಲವೆಡೆ ಈಗಲೂ ಇವೆ.

ಈ ಸಭೆಗಳ ಲಕ್ಷಣಗಳನ್ನು ಸ್ಥೂಲವಾಗಿ ಮೂರು ಅಂಶಗಳಲ್ಲಿ ಗುರುತಿಸಬಹುದು. ಮೊದಲನೆಯದಾಗಿ, ಇಲ್ಲಿ ಮಾತೇ ದಾಖಲೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯ ಹಿಂದಿರುವುದು ಆಡಿದ ಮಾತನ್ನು ಹಿಂತೆಗೆದುಕೊಳ್ಳಲಾಗದ ಸಮಾಜದ ಅನುಭವ. ಎರಡನೆಯದಾಗಿ, ಹಿರಿಯರ ನೆನಪು ಇಲ್ಲಿ ಪ್ರಮಾಣವಾಗುತ್ತದೆ. ಗದ್ದೆಯ ಬದು, ಕಾಲುವೆಯ ಪಾಳಿ, ದೇವರ ಮೆರವಣಿಗೆಯ ದಾರಿ ಇವುಗಳ ಬಗೆಗಿನ ವಿವಾದದಲ್ಲಿ ‘ಹಿಂದಿನಿಂದ ಹೇಗೆ ನಡೆದುಬಂದಿದೆ’ ಎಂಬುದು ಮೊದಲ ಪ್ರಶ್ನೆಯಾಗುತ್ತದೆ. ಮೂರನೆಯದಾಗಿ, ನೆರೆದವರೆಲ್ಲರೂ ಸಾಕ್ಷಿಗಳು. ಒಬ್ಬ ತಪ್ಪಿ ಹೇಳಿದರೆ ಇನ್ನೊಬ್ಬ ತಿದ್ದುತ್ತಾನೆ. ನೆನಪು ಹೀಗೆ ಸಾಮೂಹಿಕ ಪರೀಕ್ಷೆಗೆ ಒಳಗಾಗುತ್ತದೆ.

ಆದರೆ ಈ ಪರಂಪರೆಯನ್ನು ಆದರ್ಶೀಕರಿಸುವುದು ಸರಿಯಾಗದು. ಕಟ್ಟೆಯ ಮೇಲೆ ಕುಳಿತು ಮಾತನಾಡುವ ಹಕ್ಕು ಎಲ್ಲರಿಗೂ ಇರಲಿಲ್ಲ. ಹೆಂಗಸರು ದೂರ ನಿಂತು ಕೇಳಿದರು. ದಲಿತರನ್ನು ಇನ್ನೂ ದೂರ ನಿಲ್ಲಿಸಲಾಯಿತು. ಈ ಅಸಮಾನತೆಯ ಅತ್ಯಂತ ತೀಕ್ಷ್ಣವಾದ ವಿಮರ್ಶೆ ಜನಪದ ಸಾಹಿತ್ಯದಲ್ಲಿಯೇ ಇದೆ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕಟ್ಟಿಸಿದ ಕೆರೆಗೆ ನೀರು ಬಾರದಿರಲು ಜೋಯಿಸರ ಮಾತಿನಂತೆ ಸೊಸೆಯ ಬಲಿ ನಿಶ್ಚಯವಾಗುತ್ತದೆ. ಬಲಿಯಾಗಬೇಕಾದ ಕಿರಿಯ ಸೊಸೆ ಭಾಗೀರಥಿ ಆ ತೀರ್ಮಾನದ ಮಾತುಕತೆಯಲ್ಲಿ ಇಲ್ಲ. ಬೆಂಗಳೂರಿನ ಕೋಟೆಯ ಬಾಗಿಲು ನಿಲ್ಲಲೆಂದು ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ಪ್ರಾಣ ತೆತ್ತಳೆಂಬ ಐತಿಹ್ಯವೂ ಇದೇ ಆಶಯವುಳ್ಳದ್ದು. ಕೋರಮಂಗಲದಲ್ಲಿ ಆಕೆಯ ಸ್ಮಾರಕವಿದೆ. ಸಾರ್ವಜನಿಕ ಹಿತಕ್ಕಾಗಿ ಕೈಗೊಂಡ ತೀರ್ಮಾನದ ಬೆಲೆಯನ್ನು, ತೀರ್ಮಾನಿಸಿದವರಲ್ಲದೆ ಬೇರೊಬ್ಬರು ತೆರುತ್ತಾರೆ ಎಂಬ ಅರಿವು ಈ ಎರಡು ನಿರೂಪಣೆಗಳಲ್ಲಿಯೂ ಅಡಗಿದೆ. ಸ್ಥಳೀಯ ನೀತಿ ನಿರೂಪಣೆಯನ್ನು ಕುರಿತ ಯಾವುದೇ ಚರ್ಚೆಗೆ ಇದು ಇಂದಿಗೂ ಪ್ರಸ್ತುತವಾಗಿದೆ.

ಕಾಗದದ ಸಭೆ

ಬೆಂಗಳೂರಿನಲ್ಲಿ ಆಧುನಿಕ ನಗರಾಡಳಿತದ ಆರಂಭವನ್ನು 1862ರಲ್ಲಿ ಗುರುತಿಸಲಾಗುತ್ತದೆ. 1850ರ ಪಟ್ಟಣ ಸುಧಾರಣಾ ಕಾಯಿದೆಯ ಅನ್ವಯ ಪೇಟೆಗೆ ಒಂದು, ದಂಡು ಪ್ರದೇಶಕ್ಕೆ ಇನ್ನೊಂದು ಹೀಗೆ ಎರಡು ಪೌರ ಮಂಡಳಿಗಳು ಅಸ್ತಿತ್ವಕ್ಕೆ ಬಂದವು. ಇವೆರಡೂ ಕೂಡಿ ನಗರಪಾಲಿಕೆಯಾದುದು 1949ರಲ್ಲಿ. ಮುಂದೆ ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976 ಪಾಲಿಕೆಯ ಕಾರ್ಯವಿಧಾನಕ್ಕೆ ಆಧಾರವಾಯಿತು. 1992ರಲ್ಲಿ ಅಂಗೀಕಾರಗೊಂಡ ಸಂವಿಧಾನದ 74ನೆಯ ತಿದ್ದುಪಡಿ ನಗರ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನವನ್ನು ನೀಡಿತು. 2007ರಲ್ಲಿ ಹಳೆಯ ಪಾಲಿಕೆಯೊಡನೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 198 ವಾರ್ಡುಗಳ ಈ ಪಾಲಿಕೆಗೆ 2010 ಮತ್ತು 2015ರಲ್ಲಿ ಚುನಾವಣೆಗಳು ನಡೆದವು. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದ ಬಳಿಕ ನಗರದ ಆಡಳಿತ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿಯೇ ಉಳಿಯಿತು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಅನ್ವಯ 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ನಗರಪಾಲಿಕೆಗಳನ್ನಾಗಿ ವಿಂಗಡಿಸಲಾಯಿತು.

ಈ ಇತಿಹಾಸದುದ್ದಕ್ಕೂ ಬದಲಾಗದೆ ಉಳಿದುದು ಸಭೆಯ ಕಾಗದ ಕ್ರಮ. ಒಂದು ವಿಷಯ ನೀತಿಯಾಗಬೇಕಾದರೆ ಮೊದಲು ಅದು ಕಾರ್ಯಸೂಚಿಯಲ್ಲಿ ಸೇರಬೇಕು. ಅನೇಕ ವೇಳೆ ಅದು ಮೊದಲು ಸ್ಥಾಯಿ ಸಮಿತಿಯ ಮುಂದೆ ಬಂದು, ಅದರ ಶಿಫಾರಸಿನೊಡನೆ ಸಾಮಾನ್ಯ ಸಭೆಗೆ ಹೋಗುತ್ತದೆ. ಸಭೆಯಲ್ಲಿ ಚರ್ಚೆ ನಡೆದು ನಿರ್ಣಯವಾಗುತ್ತದೆ. ನಡವಳಿ ಪುಸ್ತಕದಲ್ಲಿ ನಿರ್ಣಯ ದಾಖಲಾಗಿ, ಮುಂದಿನ ಸಭೆಯಲ್ಲಿ ದೃಢೀಕರಣಗೊಳ್ಳುತ್ತದೆ. ಅದನ್ನು ಕಾರ್ಯಗತಗೊಳಿಸುವ ಹೊಣೆ ಆಯುಕ್ತರದು. 1976ರ ಅಧಿನಿಯಮದಲ್ಲಿ ಪಾಲಿಕೆಯ ನಿರ್ಣಯವನ್ನು ರದ್ದುಪಡಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಇತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸಭೆಯಲ್ಲಿ ಏನು ಹೇಳಲಾಯಿತು ಎಂಬುದಕ್ಕಿಂತ ಏನು ಬರೆಯಲಾಯಿತು ಎಂಬುದೇ ಕಾನೂನಿನ ದೃಷ್ಟಿಯಲ್ಲಿ ಘಟಿಸಿದ್ದು. ಸದಸ್ಯರೊಬ್ಬರು ತಮ್ಮ ವಾರ್ಡಿನ ಕಾಲುವೆಯ ಇತಿಹಾಸವನ್ನು ಅರ್ಧ ಗಂಟೆ ವಿವರಿಸಿರಬಹುದು. ನಡವಳಿಯಲ್ಲಿ ಅದು ‘ವಿಷಯದ ಬಗ್ಗೆ ಚರ್ಚಿಸಲಾಯಿತು’ ಎಂಬ ಒಂದು ವಾಕ್ಯವಾಗಿ ಉಳಿಯಬಹುದು. ಇದನ್ನು ಗುಮಾಸ್ತರ ಉದಾಸೀನತೆ ಎಂದು ಭಾವಿಸಬೇಕಾಗಿಲ್ಲ. ನಡವಳಿ ಎಂಬ ಬರಹ ಪ್ರಕಾರದ ಗುಣವೇ ಅದು. ಕಥೆಯನ್ನು ಬಿಟ್ಟು ತೀರ್ಮಾನವನ್ನು ಉಳಿಸಿಕೊಳ್ಳುವುದು ಅದರ ಕೆಲಸ. ಆದರೆ ಜನರ ಅರಿವು ಇರುವುದು ಕಥೆಯಲ್ಲಿ. ಮುಂದೆ ಹತ್ತಿಪ್ಪತ್ತು ವರ್ಷಗಳ ನಂತರ ಇನ್ನೊಂದು ಸಭೆ ಹಿಂದಿನ ಕಡತವನ್ನು ತೆರೆದಾಗ ಅದಕ್ಕೆ ಸಿಗುವುದು ತೀರ್ಮಾನ ಮಾತ್ರ. ಆ ತೀರ್ಮಾನಕ್ಕೆ ಎದುರಾಗಿ ಆಡಿದ ಮಾತು ಸಿಗುವುದಿಲ್ಲ.

ನಡವಳಿ ಬಿಟ್ಟದ್ದು, ಆಚರಣೆ ಉಳಿಸಿದ್ದು

ಕಡತದಿಂದ ಜಾರಿಹೋದ ಅರಿವನ್ನು ಆಚರಣೆ ಹೇಗೆ ಕಾಪಾಡಬಲ್ಲದು ಎಂಬುದಕ್ಕೆ ಸಂಪಂಗಿ ಕೆರೆ ಉತ್ತಮ ನಿದರ್ಶನವಾಗಿದೆ. ಬೆಂಗಳೂರಿನ ಪೇಟೆಗೂ ದಂಡು ಪ್ರದೇಶಕ್ಕೂ ನಡುವೆ ಇದ್ದ ಈ ಕೆರೆಯ ನೀರನ್ನು ನಂಬಿ ತೋಟಗಾರಿಕೆ ಮಾಡಿಕೊಂಡಿದ್ದವರಲ್ಲಿ ತಿಗಳ ಸಮುದಾಯದವರು ಪ್ರಮುಖರು. 1894ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬರತೊಡಗಿದ ಮೇಲೆ ಪೇಟೆಯ ಸುತ್ತಲ ಕೆರೆಗಳು ಆಡಳಿತದ ಲೆಕ್ಕದಲ್ಲಿ ಮಹತ್ವ ಕಳೆದುಕೊಂಡವು. ಕೆರೆ ನೀರಿನ ಮೂಲವಾಗಿದ್ದಾಗ ಅದು ಆಸ್ತಿ; ಕೊಳಾಯಿ ಬಂದ ಮೇಲೆ ಅದು ಸೊಳ್ಳೆಗಳ ತಾಣ, ಅಥವಾ ಖಾಲಿ ಜಾಗ. ಧರ್ಮಾಂಬುಧಿ ಕೆರೆ ಕ್ರಮೇಣ ಬತ್ತಿ ಮೈದಾನವಾಗಿ, ಅದರ ನೆಲೆಯಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ನೆಲೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೂ ಸಂಪಂಗಿ ಕೆರೆಯ ನೀರು ಯಾರಿಗೆ, ಎಷ್ಟು ಎಂಬ ಬಗ್ಗೆ ತೋಟಗಾರರಿಗೂ ಸುತ್ತಲ ಬಂಗಲೆಗಳ ನಿವಾಸಿಗಳಿಗೂ ಭಿನ್ನಾಭಿಪ್ರಾಯವಿದ್ದುದನ್ನು ಪತ್ರಾಗಾರಗಳ ಆಧಾರದ ಮೇಲೆ ನಡೆದ ಇತ್ತೀಚಿನ ಅಧ್ಯಯನಗಳು ತೋರಿಸಿಕೊಟ್ಟಿವೆ. ಆದರೆ ಆ ಕೆರೆಯ ನೆನಪು ಜನಮನದಲ್ಲಿ ಉಳಿದುದು ಪತ್ರಾಗಾರದ ಮೂಲಕವಲ್ಲ, ಕರಗದ ಮೂಲಕ. ಚೈತ್ರ ಮಾಸದಲ್ಲಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ನೆಲೆಯಲ್ಲಿ ನಡೆಯುವ ಕರಗ ಶಕ್ತ್ಯೋತ್ಸವದ ಆಚರಣೆಗಳಲ್ಲಿ ಒಂದು ಭಾಗ ಸಂಪಂಗಿ ಕೆರೆಯಂಗಳದಲ್ಲಿಯೇ ಆಗಬೇಕು. ಇಡೀ ಕೆರೆ ಹೋದರೂ ಕ್ರೀಡಾಂಗಣದ ಆವರಣದಲ್ಲಿ ಒಂದು ಚಿಕ್ಕ ಚೌಕ ಕೊಳ ಉಳಿದುದು ಈ ವಿಧಿಗಾಗಿ. ನಡವಳಿಗಳು ಆ ಸ್ಥಳವನ್ನು ಕ್ರೀಡಾಂಗಣವೆಂದು ಕರೆಯುತ್ತವೆ. ವೀರಕುಮಾರರು ಅದನ್ನು ಕೆರೆಯೆಂದೇ ಕರೆಯುತ್ತಾರೆ. ಭೂಪಟದ ದೃಷ್ಟಿಯಿಂದ ಎರಡನೆಯದು ತಪ್ಪು. ನೀರಿನ ದೃಷ್ಟಿಯಿಂದ ಅದು ಸರಿ. ಮಳೆ ಬಂದಾಗ ನೀರು ಹರಿಯುವುದು ಭೂಪಟದ ಹೆಸರನ್ನು ಅನುಸರಿಸಿ ಅಲ್ಲ, ನೆಲದ ಇಳಿಜಾರನ್ನು ಅನುಸರಿಸಿ.

ಕರಗದ ವಿಷಯದಲ್ಲಿ ಪಾಲಿಕೆಯ ಪಾತ್ರ ಗಮನಾರ್ಹವಾಗಿದೆ. ಉತ್ಸವಕ್ಕೆ ಅನುದಾನ, ಬೀದಿಗಳ ದುರಸ್ತಿ, ದೀಪ, ನೈರ್ಮಲ್ಯ ಇವುಗಳ ಏರ್ಪಾಟು ಆಡಳಿತದಿಂದ ಆಗುತ್ತದೆ. ಅಂದರೆ ಆಚರಣೆಗೆ ಸಭೆ ಹಣ ಮಂಜೂರು ಮಾಡುತ್ತದೆ. ಆದರೆ ಆಚರಣೆಯಲ್ಲಿ ಅಡಗಿರುವ ಅರಿವನ್ನು ಕೆರೆ, ಕಾಲುವೆ, ಭೂಬಳಕೆಯ ವಿಷಯ ಬಂದಾಗ ಸಾಕ್ಷ್ಯವಾಗಿ ಪರಿಗಣಿಸುವುದಿಲ್ಲ. ಜಾನಪದವು ಸಂಸ್ಕೃತಿಯ ಶೀರ್ಷಿಕೆಯಡಿ ಗೌರವ ಪಡೆಯುತ್ತದೆ, ಯೋಜನೆಯ ಶೀರ್ಷಿಕೆಯಡಿ ಕಾಣೆಯಾಗುತ್ತದೆ. ಈ ವಿಭಜನೆಯೇ ಪ್ರಸ್ತುತ ಚರ್ಚೆಯ ಕೇಂದ್ರ ಸಮಸ್ಯೆ ಎನ್ನಬಹುದು.

2007ರಲ್ಲಿ ಪಾಲಿಕೆಗೆ ಸೇರಿದ ಹಳ್ಳಿಗಳಲ್ಲಿ ಈ ಸಮಸ್ಯೆ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತು. ಅಲ್ಲಿ ರಾಜಕಾಲುವೆ, ಗುಂಡುತೋಪು, ಗ್ರಾಮದೇವತೆಯ ಜಾಗ, ದನಗಳ ದಾರಿ ಇವುಗಳ ಅರಿವು ನೀರಗಂಟಿಗಳಲ್ಲಿ, ಪೂಜಾರಿಗಳಲ್ಲಿ, ಹಿರಿಯ ಒಕ್ಕಲುಗಳಲ್ಲಿ ಇತ್ತು. ಯಾವ ಕೆರೆಯ ಕೋಡಿ ಯಾವ ಕೆರೆಗೆ ಹರಿಯುತ್ತದೆ ಎಂಬುದನ್ನು ನೀರಗಂಟಿ ಬಾಯಿಪಾಠವಾಗಿ ಬಲ್ಲವನಾಗಿದ್ದ. ಪಂಚಾಯತಿಯ ಕಾಲದಲ್ಲಿ ಇಂತಹವರಿಗೆ ಗ್ರಾಮಸಭೆಯಿತ್ತು. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮದ ಮತದಾರರೆಲ್ಲರೂ ಅದರ ಸದಸ್ಯರು. ಊರು ನಗರಕ್ಕೆ ಸೇರಿದ ದಿನ ಗ್ರಾಮಸಭೆ ಇಲ್ಲವಾಯಿತು. ರಸ್ತೆ, ಚರಂಡಿಗಳ ನಿರೀಕ್ಷೆಯಲ್ಲಿ ನಗರಕ್ಕೆ ಸೇರಿದವರು, ತಾವು ನೇರವಾಗಿ ನಿಂತು ಮಾತನಾಡಬಹುದಾಗಿದ್ದ ಒಂದು ಸಭೆಯನ್ನು ಕಳೆದುಕೊಂಡರು. ಅದರ ಸ್ಥಾನವನ್ನು ತುಂಬಬೇಕಾಗಿದ್ದುದು ವಾರ್ಡ್ ಸಮಿತಿ.

ವಾರ್ಡ್ ಸಮಿತಿ: ತೆರೆದ ಬಾಗಿಲು, ಎತ್ತರದ ಹೊಸ್ತಿಲು

ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರ ಸಂಸ್ಥೆಗಳಲ್ಲಿ ವಾರ್ಡ್ ಸಮಿತಿಗಳಿರತಕ್ಕದ್ದೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಕರ್ನಾಟಕವು 1976ರ ಅಧಿನಿಯಮಕ್ಕೆ ತಿದ್ದುಪಡಿ ತಂದು ವಾರ್ಡ್ ಸಮಿತಿಯ ರಚನೆಯನ್ನು ವಿವರಿಸಿತು. ಪಾಲಿಕೆ ಸದಸ್ಯರ ಅಧ್ಯಕ್ಷತೆಯ ಈ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನ ಮೀಸಲಿಡಲಾಯಿತು. ಕಾನೂನಿನಲ್ಲಿ ಇದ್ದರೂ ಬೆಂಗಳೂರಿನಲ್ಲಿ ಈ ಸಮಿತಿಗಳು ನಿಯಮಿತವಾಗಿ ಸೇರತೊಡಗಿದುದು ಬಹಳ ತಡವಾಗಿ. ಅದೂ ನಾಗರಿಕ ಸಂಘಟನೆಗಳ ಮತ್ತು ನ್ಯಾಯಾಲಯದ ಒತ್ತಾಯದ ಹಿನ್ನೆಲೆಯಲ್ಲಿ.

ಮೀಸಲು ಸ್ಥಾನಗಳ ಕಾರಣದಿಂದ ವಾರ್ಡ್ ಸಮಿತಿಯು ಹಳೆಯ ಕಟ್ಟೆಗಿಂತ ಖಂಡಿತವಾಗಿಯೂ ಹೆಚ್ಚು ನ್ಯಾಯಯುತವಾದುದು. ಆದರೆ ಅಲ್ಲಿ ಮಾತನಾಡುವ ರೀತಿ ಬೇರೆ. ಸಂಘದ ಪ್ರತಿನಿಧಿ ಮುದ್ರಿತ ಮನವಿಯೊಂದಿಗೆ ಬರುತ್ತಾರೆ. ರಸ್ತೆಯ ಅಳತೆ, ಅಂದಾಜು ವೆಚ್ಚ, ನಿಯಮದ ಸಂಖ್ಯೆ ಇವು ಅವರ ಬಾಯಲ್ಲಿರುತ್ತವೆ. ಬೀದಿಯ ವ್ಯಾಪಾರಿ ಅಥವಾ ಪೌರಕಾರ್ಮಿಕ ಮಹಿಳೆ ಬಂದರೆ ಆಕೆ ಹೇಳುವುದು ಬಾಳಿನ ಕಥನವನ್ನು. ‘ನಮ್ಮತ್ತೆಯ ಕಾಲದಿಂದ’ ಎಂದು ಆರಂಭವಾಗುವ ಮಾತು ಸಭೆಯ ಕಿವಿಗೆ ವಿಷಯಾಂತರವಾಗಿ ಕೇಳಿಸುತ್ತದೆ. ಆಕೆಗೆ ಸಿಗುವುದು ಅನುಕಂಪ. ಸಂಘದ ಪ್ರತಿನಿಧಿಗೆ ಸಿಗುವುದು ನಿರ್ಣಯ. ಹಾಜರಿಯ ಸಮಾನತೆ ಇದ್ದರೂ ಮಾತಿನ ಸಮಾನತೆ ಇಲ್ಲದಿರುವ ಈ ಸ್ಥಿತಿಯನ್ನು, ನಿರೂಪಣೆಯ ಪ್ರಕಾರಗಳನ್ನು ಅಧ್ಯಯನ ಮಾಡುವ ಜಾನಪದ ಶಿಸ್ತು ಇತರ ಶಿಸ್ತುಗಳಿಗಿಂತ ಸ್ಪಷ್ಟವಾಗಿ ಗುರುತಿಸಬಲ್ಲದು.

ಸಹಜ ಮಾರುಕಟ್ಟೆ ಮತ್ತು ಐವತ್ತು ವರ್ಷದ ಪ್ರಶ್ನೆ

ಬೆಂಗಳೂರು ಪೇಟೆಯ ಬೀದಿಗಳ ಹೆಸರುಗಳೇ ಒಂದು ಮೌಖಿಕ ದಾಖಲೆ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಮೊದಲಾದವು ಅಲ್ಲಿಯ ಸರಕನ್ನೋ ಕಸುಬನ್ನೋ ಹೇಳುತ್ತವೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಪ್ರದೇಶವನ್ನು ಹಳಬರು ಸಿದ್ಧಿಕಟ್ಟೆ ಎನ್ನುವುದುಂಟು. ಮಾರುಕಟ್ಟೆಗೆ ಮೊದಲು ಅಲ್ಲಿ ನೀರಿನ ಕಟ್ಟೆಯಿದ್ದುದರ ಗುರುತು ಆ ಹೆಸರಿನಲ್ಲಿದೆ. ಇಂತಹ ಪರಂಪರೆಯ ಹಿನ್ನೆಲೆಯಲ್ಲಿ 2014ರ ಅಧಿನಿಯಮವು ನೀಡುವ ‘ಸಹಜ ಮಾರುಕಟ್ಟೆ’ಯ ನಿರೂಪಣೆ ಕುತೂಹಲಕರವಾಗಿದೆ. ಮಾರುವವರೂ ಕೊಳ್ಳುವವರೂ ಸಾಂಪ್ರದಾಯಿಕವಾಗಿ ಕೂಡುತ್ತಾ ಬಂದಿರುವ, ಮತ್ತು ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸಿನ ಮೇಲೆ ಸ್ಥಳೀಯ ಪ್ರಾಧಿಕಾರವು ಹಾಗೆಂದು ನಿರ್ಧರಿಸಿದ ಸ್ಥಳವೇ ಸಹಜ ಮಾರುಕಟ್ಟೆ. ‘ಸಾಂಪ್ರದಾಯಿಕವಾಗಿ’ ಎಂಬ ಪದದ ಮೂಲಕ ಜಾನಪದದ ಒಂದು ಪರಿಕಲ್ಪನೆ ಕಾನೂನಿನೊಳಗೆ ಪ್ರವೇಶಿಸಿದೆ. ಅದನ್ನು ನಿರ್ಧರಿಸುವ ಜಾಗ ಸಮಿತಿಯ ಸಭೆ.

ಈ ಸಮಿತಿಯ ಅಧ್ಯಕ್ಷತೆ ಪಾಲಿಕೆಯ ಆಯುಕ್ತರದು. ಅದರ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಾಗಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು. ವ್ಯಾಪಾರಿಗಳ ಸಮೀಕ್ಷೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಭಾಗೀರಥಿಗೆ ಸಿಗದ ಸ್ಥಾನ ಇಲ್ಲಿ ಬೀದಿಯ ಹೆಣ್ಣುಮಗಳಿಗೆ ಕಾನೂನಿನಿಂದ ದೊರೆತಿದೆ. ಆದರೆ ಸ್ಥಾನ ದೊರೆತ ಮೇಲೆ ಆಕೆ ಏನನ್ನು ಪ್ರಮಾಣವಾಗಿ ಮುಂದಿಡಬೇಕು ಎಂಬುದು ಉಳಿಯುವ ಪ್ರಶ್ನೆ.

ಹೂ ಮಾರುವ ವೃದ್ಧೆಯೊಬ್ಬರು ಸಮಿತಿಯ ಮುಂದೆ ನಿಂತರೆಂದು ಭಾವಿಸೋಣ. ಎಷ್ಟು ವರ್ಷದಿಂದ ಕುಳಿತಿದ್ದೀರಿ ಎಂದು ಕೇಳಿದರೆ ಆಕೆ ಇಸವಿ ಹೇಳಲಾರರು. ‘ನೆಹರೂ ತೀರಿಕೊಂಡಾಗ ನಮ್ಮವ್ವ ಇಲ್ಲೇ ಕೂತಿದ್ದಳು, ಎಮರ್ಜೆನ್ಸಿ ಹೊತ್ತಿಗೆ ನಾನು ಬಂದೆ, ಗೋಕಾಕ್ ಗಲಾಟೆಯಲ್ಲಿ ಬುಟ್ಟಿ ಎತ್ತಿಕೊಂಡು ಓಡಿದೆ’ ಎಂಬ ರೀತಿಯಲ್ಲಿ ಹೇಳಬಹುದು. ಜನಪದ ಕಾಲಗಣನೆ ಸಾಮಾನ್ಯವಾಗಿ ಹೀಗೆ ಘಟನೆಗಳನ್ನು ಗೂಟವಾಗಿಸಿಕೊಂಡು ಸಾಗುತ್ತದೆ. ಸಮಿತಿಯು ಇದನ್ನು ಅಸ್ಪಷ್ಟವೆಂದು ಬದಿಗಿಡಬಹುದು. ಆದರೆ ಮೌಖಿಕ ಇತಿಹಾಸದ ವಿಧಾನ ಬಲ್ಲವರಿಗೆ ಇದು ಸಾಕಷ್ಟು ನಿಖರವಾದ ಹೇಳಿಕೆ. ನೆಹರೂ ನಿಧನ 1964ರ ಮೇ ತಿಂಗಳು. ತುರ್ತುಪರಿಸ್ಥಿತಿ ಘೋಷಣೆ 1975ರ ಜೂನ್. ಗೋಕಾಕ್ ಚಳವಳಿ 1982. ಐವತ್ತು ವರ್ಷವನ್ನು ಅಧಿನಿಯಮ ಬಂದ 2014ರಿಂದ ಹಿಂದಕ್ಕೆ ಎಣಿಸಿದರೆ 1964; 2025ರಿಂದ ಎಣಿಸಿದರೆ 1975. ಕಾನೂನು ಬಯಸುವ ಗಡಿ ವರ್ಷಗಳು ಸಾಮಾನ್ಯ ಜನರ ನೆನಪಿನಲ್ಲಿ ಅತಿ ಗಟ್ಟಿಯಾಗಿ ನೆಟ್ಟ ಗೂಟಗಳ ಬಳಿಯೇ ಇವೆ. ಕೇಳುವ ಕ್ರಮ ಗೊತ್ತಿದ್ದರೆ ಕಾಗದವಿಲ್ಲದ ಸಾಕ್ಷ್ಯವೂ ಕಾಲನಿರ್ದಿಷ್ಟವಾಗಬಲ್ಲದು.

ಇನ್ನೊಂದು ತೊಡಕು ಋತುಮಾನಕ್ಕೆ ಸಂಬಂಧಿಸಿದುದು. ಕಾನೂನು ಮಾರುಕಟ್ಟೆಯನ್ನು ಮುಖ್ಯವಾಗಿ ಸ್ಥಳವಾಗಿ ನೋಡುತ್ತದೆ. ಜನಪದರಿಗೆ ಮಾರುಕಟ್ಟೆಯೆಂದರೆ ಸ್ಥಳದಷ್ಟೇ ಕಾಲವೂ ಹೌದು. ಸಂತೆಗೆ ವಾರವಿದೆ, ಪರಿಷೆಗೆ ತಿಥಿಯಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕಡೆಯ ಸೋಮವಾರಕ್ಕೆ ಕೂಡುತ್ತದೆ. ಸಂಕ್ರಾಂತಿಯ ಕಬ್ಬು, ಚಳಿಗಾಲದ ಅವರೆಕಾಯಿ, ಬೇಸಿಗೆಯ ಮಾವು, ಭಾದ್ರಪದದ ಮಣ್ಣಿನ ಗಣಪ ಇವುಗಳನ್ನು ಮಾರುವವರು ವರ್ಷದ ಕೆಲವೇ ದಿನ ಒಂದು ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಐದು ವರ್ಷಕ್ಕೊಮ್ಮೆ ಯಾವುದೋ ಒಂದು ತಿಂಗಳಲ್ಲಿ ನಡೆಯುವ ಸಮೀಕ್ಷೆ ಆಷಾಢದಲ್ಲಿ ಬಂದರೆ ಕಾರ್ತಿಕದ ವ್ಯಾಪಾರಿ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದವನಿಗೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರ ಇಲ್ಲದವನು ತಲೆಮಾರುಗಳಿಂದ ಬಂದ ಜಾಗದಲ್ಲಿ ಅತಿಕ್ರಮಣಕಾರನಾಗುತ್ತಾನೆ. ಸಮೀಕ್ಷೆಯ ವೇಳಾಪಟ್ಟಿಯನ್ನು ನಿರ್ಧರಿಸುವ ಸಭೆಯ ಮೇಜಿನ ಮೇಲೆ ಹಬ್ಬ ಹರಿದಿನಗಳ ಪಂಚಾಂಗವೂ ಇರಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಸಾಕ್ಷ್ಯದ ಪರೀಕ್ಷೆ

ಮೌಖಿಕ ನೆನಪೆಲ್ಲವೂ ಸತ್ಯವೆಂದು ವಾದಿಸುವುದು ಈ ಲೇಖನದ ಆಶಯವಲ್ಲ. ಆಫ್ರಿಕದ ಮೌಖಿಕ ಪರಂಪರೆಗಳನ್ನು ಅಧ್ಯಯನ ಮಾಡಿದ ಯಾನ್ ವಾನ್ಸಿನಾ 1985ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಮೌಖಿಕ ನಿರೂಪಣೆಯು ಗತವನ್ನು ಹೇಳುವಾಗಲೂ ವರ್ತಮಾನದ ಅಗತ್ಯಗಳಿಂದ ರೂಪುಗೊಂಡಿರುತ್ತದೆ. ಒಂದು ಬೀದಿಯ ಹಕ್ಕಿಗಾಗಿ ಎರಡು ಗುಂಪುಗಳು ಎರಡು ಪ್ರಾಚೀನತೆಗಳನ್ನು ಹೇಳಬಹುದು. ಬಲಿಷ್ಠ ಸಮುದಾಯವೊಂದು ಸ್ಥಳಪುರಾಣದ ಹೆಸರಿನಲ್ಲಿ ಸಾರ್ವಜನಿಕ ಜಾಗವನ್ನು ತನ್ನದಾಗಿಸಿಕೊಳ್ಳಬಹುದು. ‘ಹಿಂದಿನಿಂದ ನಡೆದುಬಂದದ್ದು’ ಎಂಬ ಮಾತು ಬಡವರ ರಕ್ಷಣೆಗೆ ಒದಗುವಂತೆ ಬಹಿಷ್ಕಾರದ ಸಮರ್ಥನೆಗೂ ಒದಗುತ್ತದೆ. ಆದುದರಿಂದ ಸಾಕ್ಷ್ಯವನ್ನು ಸ್ವೀಕರಿಸುವ ಮೊದಲು ಪರೀಕ್ಷಿಸುವುದು ಅನಿವಾರ್ಯ.

ಆ ಪರೀಕ್ಷೆಗೆ ಬೇಕಾದ ವಿಧಾನ ಕ್ಷೇತ್ರಕಾರ್ಯದ ಶಿಸ್ತಿನಲ್ಲಿ ಸಿದ್ಧವಾಗಿಯೇ ಇದೆ. ಹೇಳಿದವರು ಯಾರು, ಯಾವ ತಲೆಮಾರಿನವರು, ತಾವು ಕಂಡದ್ದನ್ನು ಹೇಳುತ್ತಿದ್ದಾರೆಯೇ ಕೇಳಿದ್ದನ್ನೇ, ಯಾವ ಸಂದರ್ಭದಲ್ಲಿ ಯಾರ ಎದುರು ಹೇಳಿದರು ಎಂಬುದನ್ನು ದಾಖಲಿಸುವುದು ಮೊದಲ ಹಂತ. ಹೇಳಿಕೆಯನ್ನು ಸಾರಾಂಶವಾಗಿಸದೆ ಅವರದೇ ಮಾತಿನಲ್ಲಿ, ಅವರದೇ ಭಾಷೆಯಲ್ಲಿ ಉಳಿಸುವುದು ಎರಡನೆಯದು. ಪೇಟೆಯಲ್ಲಿ ಕನ್ನಡದೊಡನೆ ತಮಿಳು, ತೆಲುಗು, ದಖನಿ ಉರ್ದು ಮಾತುಗಳಿರುವುದನ್ನು ಮರೆಯುವಂತಿಲ್ಲ. ಒಂದೇ ಸಂಗತಿಯ ಪಾಠಾಂತರಗಳನ್ನು, ಅಕ್ಕಪಕ್ಕದವರ, ಹಳೆಯ ಗಿರಾಕಿಗಳ, ಎದುರಾಳಿಗಳ ಹೇಳಿಕೆಗಳನ್ನೂ ಕೂಡಿಸಿ ಹೋಲಿಸುವುದು ಮೂರನೆಯದು. ಸ್ಥಳನಾಮ, ಆಚರಣೆಯ ಮಾರ್ಗ, ಸುಂಕದ ಚೀಟಿ, ಹಳೆಯ ಛಾಯಾಚಿತ್ರ, ಭೂಪಟ ಮುಂತಾದ ಇತರ ಆಧಾರಗಳೊಡನೆ ತಾಳೆ ನೋಡುವುದು ನಾಲ್ಕನೆಯದು. ಕಟ್ಟೆಯ ನ್ಯಾಯದಲ್ಲಿ ನೆರೆದವರು ಪರಸ್ಪರ ತಿದ್ದುತ್ತಿದ್ದ ಕ್ರಮವನ್ನೇ ಇದು ಶಾಸ್ತ್ರೀಯಗೊಳಿಸುತ್ತದೆ.

ಇಂತಹ ದಾಖಲೆಯನ್ನು ಸಭೆಯ ನಡವಳಿಗೆ ಅನುಬಂಧವಾಗಿ ಸೇರಿಸುವುದಕ್ಕೆ ಹೊಸ ಕಾನೂನಿನ ಅಗತ್ಯ ಕಾಣುವುದಿಲ್ಲ. ಅಳತೆಯ ನಕ್ಷೆಯನ್ನೂ ಅಂದಾಜು ಪಟ್ಟಿಯನ್ನೂ ಅನುಬಂಧವಾಗಿ ಇರಿಸಿಕೊಳ್ಳುವ ಕಡತ, ಹೇಳಿಕೆಯ ಲಿಪ್ಯಂತರವನ್ನೂ ಇರಿಸಿಕೊಳ್ಳಬಲ್ಲದು. ವಿಶ್ವವಿದ್ಯಾನಿಲಯಗಳ ಜಾನಪದ ವಿಭಾಗಗಳು ತಮ್ಮ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಒಂದು ಭಾಗವನ್ನು ವಾರ್ಡುಗಳ ಮೌಖಿಕ ಇತಿಹಾಸಕ್ಕೆ ಮೀಸಲಿಟ್ಟರೆ, ಗ್ರಂಥಾಲಯಗಳು ಆ ಸಾಮಗ್ರಿಯನ್ನು ವಾರ್ಡುವಾರು ವರ್ಗೀಕರಿಸಿ ಇಟ್ಟರೆ, ಸಮಿತಿಗಳು ಕೇಳಿದಾಗ ತೋರಿಸಲು ಏನಾದರೂ ಇರುತ್ತದೆ. 2003ರ ಯುನೆಸ್ಕೊ ಅಮೂರ್ತ ಪರಂಪರೆಯ ಒಡಂಬಡಿಕೆಗೆ ಭಾರತವು 2005ರಲ್ಲಿ ಸೇರಿದೆ. ಆ ಒಡಂಬಡಿಕೆಯು ಪರಂಪರೆಯ ರಕ್ಷಣೆಯಲ್ಲಿ ಸಮುದಾಯಗಳ ಪಾಲ್ಗೊಳ್ಳುವಿಕೆಗೆ ಒತ್ತು ನೀಡುತ್ತದೆ. ವಾರ್ಡ್ ಸಮಿತಿಯಂತಹ ಸಭೆ ಆ ಪಾಲ್ಗೊಳ್ಳುವಿಕೆಗೆ ಅತಿ ಸಮೀಪದ ವೇದಿಕೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ನಗರಾಡಳಿತದ ಸಭೆ ಮತ್ತು ಜನರ ಮೌಖಿಕ ಪರಂಪರೆ ಇವೆರಡೂ ನೆನಪನ್ನು ಕಾಪಾಡುವ ಎರಡು ಕ್ರಮಗಳು. ಒಂದು ತೀರ್ಮಾನವನ್ನು ಉಳಿಸುತ್ತದೆ, ಇನ್ನೊಂದು ಕಾರಣವನ್ನು ಉಳಿಸುತ್ತದೆ. ಹಳೆಯ ಕಟ್ಟೆಯಲ್ಲಿ ನೆನಪಿಗೆ ಬೆಲೆಯಿತ್ತು, ಎಲ್ಲರಿಗೂ ಸ್ಥಾನವಿರಲಿಲ್ಲ. ಇಂದಿನ ಸಮಿತಿಗಳಲ್ಲಿ ಕಾನೂನು ಸ್ಥಾನ ನೀಡಿದೆ, ನೆನಪಿಗೆ ಬೆಲೆ ಕಟ್ಟುವ ಕ್ರಮವನ್ನು ರೂಪಿಸಿಲ್ಲ. 2014ರ ಅಧಿನಿಯಮವು ಸಂಪ್ರದಾಯವನ್ನೂ ಐವತ್ತು ವರ್ಷದ ಬಳಕೆಯನ್ನೂ ಹಕ್ಕಿನ ಆಧಾರವಾಗಿ ಒಪ್ಪಿಕೊಂಡಿರುವುದರಿಂದ ಈ ಕೊರತೆಯನ್ನು ಇನ್ನು ಕಡೆಗಣಿಸುವಂತಿಲ್ಲ.

ಐದು ನಗರಪಾಲಿಕೆಗಳಾಗಿ ಹಂಚಿಹೋದ ಬೆಂಗಳೂರಿನಲ್ಲಿ ಗಡಿಗಳು, ವಾರ್ಡುಗಳು, ಕಡತಗಳು ಮರುಜೋಡಣೆಗೊಳ್ಳುತ್ತವೆ. ಅದೇ ವೇಳೆಗೆ ನೆಹರೂ ನಿಧನದ ದಿನವನ್ನು ಬೀದಿಯಲ್ಲಿ ಕುಳಿತು ಕಂಡವರು ಎಂಬತ್ತರ ಅಂಚಿನಲ್ಲಿದ್ದಾರೆ ಅಥವಾ ಅದನ್ನು ದಾಟಿದ್ದಾರೆ. ತುರ್ತುಪರಿಸ್ಥಿತಿಯ ಕಾಲಕ್ಕೆ ವ್ಯಾಪಾರ ಆರಂಭಿಸಿದವರು ಎಪ್ಪತ್ತನ್ನು ಸಮೀಪಿಸಿದ್ದಾರೆ. ಕಾನೂನು ಕೇಳುವ ಐವತ್ತು ವರ್ಷಕ್ಕೆ ನೇರ ಸಾಕ್ಷಿ ಹೇಳಬಲ್ಲವರು ಇವರೇ. ಇವರ ಹೇಳಿಕೆಗಳನ್ನು ಕ್ರಮಬದ್ಧವಾಗಿ ದಾಖಲಿಸುವ ಕೆಲಸ ಮುಂದಿನ ಕೆಲವೇ ವರ್ಷಗಳಲ್ಲಿ ನಡೆಯಬೇಕಾಗಿದೆ. ಜಾನಪದ ಅಧ್ಯಯನ ಮತ್ತು ಸ್ಥಳೀಯ ಆಡಳಿತ ಎರಡೂ ಕ್ಷೇತ್ರಗಳ ಸಂಶೋಧಕರು ಕೂಡಿ ಕೈಗೊಳ್ಳಬೇಕಾದ ತುರ್ತಿನ ಕಾರ್ಯ ಇದಾಗಿದೆ.